ಹೊಸ ಬೆಲ್ಟ್ ಹಾಕಿಸಿದರೂ ಹಳೇ ಕಾರಿನ ಕೀರಲು ನಿಂತಿಲ್ಲ. ಆಲ್ಟರ್ನೇಟರ್ ಬದಲಿಸಬೇಕಾ?

ಹಳೇಗಾಡಿ

ನಮಸ್ಕಾರ. ಅಪ್ಪ ಓಡಿಸುತ್ತಿದ್ದ 2004ರ ಪೆಟ್ರೋಲ್ ಕಾರು ಈಗ ನನ್ನ ಪಾಲಿಗೆ ಬಂದಿದೆ. 1,34,000 ಕಿ.ಮೀ. ಓಡಿದೆ. ಬಾನೆಟ್ ಎತ್ತಿದರೆ ಎರಡು ಬೆಲ್ಟ್ ಕಾಣುತ್ತವೆ. ಒಂದು ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಮತ್ತು ವಾಟರ್ ಪಂಪ್ ತಿರುಗಿಸುತ್ತದೆ, ಇನ್ನೊಂದು ಎಸಿಯದು. ಪವರ್ ಸ್ಟಿಯರಿಂಗ್ ಇಲ್ಲ, ರಟ್ಟೆಯೇ ಪವರ್.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ 'ಕೀಂಂಂ' ಅಂತ ಕೂಗುತ್ತದೆ. ಹತ್ತು ಹದಿನೈದು ಸೆಕೆಂಡ್ ಕೂಗಿ ಸುಮ್ಮನಾಗುತ್ತದೆ. ರಾತ್ರಿ ಮಂಜು ಬಿದ್ದಿದ್ದರೆ ಜಾಸ್ತಿ. ಪಕ್ಕದ ಮನೆಯವರು ಇದನ್ನೇ ಅಲಾರಂ ಮಾಡಿಕೊಂಡಿದ್ದಾರೆ. ನಾನು ಕೀ ತಿರುಗಿಸುವ ಮೊದಲೇ ಮಗಳು ಕಿವಿ ಮುಚ್ಚಿಕೊಂಡಿರುತ್ತಾಳೆ.

ನಾಲ್ಕು ತಿಂಗಳ ಹಿಂದೆ ಆಲ್ಟರ್ನೇಟರ್ ಬಿಚ್ಚಿ ಅದರೊಳಗಿನ ಕಾರ್ಬನ್ ಬ್ರಷ್ ಬದಲಿಸಿದ್ದರು. ಹೇಗೂ ಬಿಚ್ಚಿದ್ದಾರಲ್ಲ ಅಂತ ಆಗಲೇ ಬೆಲ್ಟನ್ನೂ ಹೊಸದು ಹಾಕಿಸಿದೆ. ಎರಡು ಮೂರು ವಾರ ಆದಮೇಲೆ ಈ ಕೂಗು ಶುರುವಾಯಿತು. ಈಗ ಒಬ್ಬ ಮೆಕ್ಯಾನಿಕ್ ಆಲ್ಟರ್ನೇಟರ್ರೇ ಹೋಗಿದೆ ಅನ್ನುತ್ತಾರೆ. ಇನ್ನೊಬ್ಬರು ಬೆಲ್ಟ್ ಡೂಪ್ಲಿಕೇಟ್ ಅನ್ನುತ್ತಾರೆ. ಯಾರ ಮಾತು ಕೇಳಲಿ? ಮನೆಯಲ್ಲೇ ನಾನೇ ಏನಾದರೂ ನೋಡಬಹುದಾ? ಸ್ಪ್ಯಾನರ್ ಸೆಟ್ ಇದೆ, ಧೈರ್ಯ ಅಷ್ಟಕ್ಕಷ್ಟೆ.

ಟಾಪ್‌ಗೇರ್‌ಮಾಮ

ಒಣ ಸೋಪು ತಗೊಂಡು ಬೆಲ್ಟಿನ ಒಳಮೈಗೆ ಉಜ್ಜಿ. ಐದು ನಿಮಿಷದ ಕೆಲಸ. ನಾನು ಹಾಗೇ ಎರಡು ವರ್ಷ ಓಡಿಸಿದೆ.

ಗ್ರೀಸ್‌ಕೈ

ಮಾಮ, ಎರಡು ವರ್ಷದಲ್ಲಿ ಎಷ್ಟು ಸೋಪು ಖರ್ಚಾಯಿತು ಅಂತಲೂ ಹೇಳಿಬಿಡಿ.

ಹಳೇಗಾಡಿಯವರೇ, ಸದ್ಯಕ್ಕೆ ಏನೂ ಕೊಳ್ಳಬೇಡಿ. ಸೋಪೂ ಬೇಡ, ಡಬ್ಬಿಯಲ್ಲಿ ಬರುವ ಬೆಲ್ಟ್ ಸ್ಪ್ರೇನೂ ಬೇಡ. ಅವು ಸದ್ದನ್ನು ಕೆಲವು ದಿನ ಮುಚ್ಚಿಡುತ್ತವೆ, ಅಷ್ಟೇ. ಸ್ಪ್ರೇ ಅಂಟಿಗೆ ಧೂಳು ಕೂತು ಬೆಲ್ಟಿನ ಗೆರೆಗಳ ಮಧ್ಯೆ ಕೆಸರಾಗುತ್ತದೆ. ಆಮೇಲೆ ಪರೀಕ್ಷೆ ಮಾಡಿದರೂ ಸರಿಯಾದ ಉತ್ತರ ಸಿಗುವುದಿಲ್ಲ.

ನಾನು 22 ವರ್ಷ ಗ್ಯಾರೇಜಿನಲ್ಲಿ ಕೈ ಕಪ್ಪು ಮಾಡಿಕೊಂಡವನು. ಬೆಲ್ಟ್ ಕೂಗಿತು ಅಂತ ಬೆಲ್ಟನ್ನೇ ಬದಲಿಸಿ, ಮತ್ತೆ ಕೂಗಿತು ಅಂತ ಮತ್ತೆ ಬದಲಿಸಿದವರನ್ನು ಎಷ್ಟೋ ನೋಡಿದ್ದೇನೆ. ಮಗು ಅತ್ತರೆ ಚಿವುಟಿದವರು ಯಾರು ಅಂತ ನೋಡಬೇಕು, ಅಲ್ವಾ?

ಬೆಳಿಗ್ಗೆಯೇ ಯಾಕೆ ಕೂಗುತ್ತದೆ ಅಂದರೆ, ಸ್ಟಾರ್ಟರ್ ಆಗತಾನೆ ಬ್ಯಾಟರಿಯಿಂದ ದೊಡ್ಡ ಗುಟುಕು ಎಳೆದಿರುತ್ತದೆ. ಅದನ್ನು ತುಂಬಲು ಆಲ್ಟರ್ನೇಟರ್ ದುಡಿಯತೊಡಗುತ್ತದೆ, ಹಾಗಾಗಿ ಅದನ್ನು ತಿರುಗಿಸುವುದು ಬಿಗಿಯಾಗುತ್ತದೆ. ಬೆಲ್ಟ್ ಸಡಿಲ ಇದ್ದರೆ ಆ ಹೊತ್ತಿಗೆ ಪುಲ್ಲಿಯ (ಬೆಲ್ಟ್ ಸುತ್ತುವ ಗಾಲಿ) ಮೇಲೆ ಜಾರುತ್ತದೆ. ಮಂಜಿನ ಪಸೆ ಇದ್ದರೆ ಇನ್ನೂ ಜಾರುತ್ತದೆ. ಬ್ಯಾಟರಿ ಸ್ವಲ್ಪ ತುಂಬಿದ ಮೇಲೆ ಭಾರ ಇಳಿದು ಕೂಗು ನಿಲ್ಲುತ್ತದೆ. ನೀವು ಹೇಳಿದ್ದಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೂ ಕಣ್ಣಾರೆ ನೋಡದೆ ತೀರ್ಪು ಕೊಡುವುದು ಬೇಡ.

ಎಂಜಿನ್ ಆಫ್ ಇದ್ದಾಗ, ಕೀ ಜೇಬಿನಲ್ಲಿಟ್ಟುಕೊಂಡು, ಎರಡು ಪುಲ್ಲಿಗಳ ನಡುವಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಎಷ್ಟು ಬಗ್ಗುತ್ತದೆ ನೋಡಿ. ಸರಿಯಾದ ಲೆಕ್ಕ ನಿಮ್ಮ ಗಾಡಿಯ ಪುಸ್ತಕದಲ್ಲಿರುತ್ತದೆ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಹತ್ತು ಮಿಲಿಮೀಟರ್ ಆಸುಪಾಸು. ಆಮೇಲೆ ಟಾರ್ಚ್ ಹಿಡಿದು ಬೆಲ್ಟಿನ ಒಳಮೈ ನೋಡಿ: ಗಾಜಿನ ಹಾಗೆ ಹೊಳೆಯುತ್ತಿದೆಯಾ, ಎಣ್ಣೆ ಅಥವಾ ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಬಿದ್ದ ಕಲೆ ಇದೆಯಾ. ವಾಟರ್ ಪಂಪ್ ಸೋರಿ ಬೆಲ್ಟ್ ಮೇಲೆ ಬಿದ್ದರೂ ಹೀಗೇ ಕೂಗುತ್ತದೆ.

ಇನ್ನು ನೀರಿನ ಪರೀಕ್ಷೆ. ಗಿಡಕ್ಕೆ ನೀರು ಸಿಂಪಡಿಸುವ ಬಾಟಲಿ ಸಾಕು. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಹಾಕಿ, ಸದ್ದು ಬರುತ್ತಿರುವಾಗಲೇ ಬೆಲ್ಟಿನ ಗೆರೆ ಇರುವ ಮೈಗೆ ದೂರದಿಂದ ಸ್ವಲ್ಪ ಸಿಂಪಡಿಸಿ. ಕೂಗು ಜಾಸ್ತಿಯಾದರೆ ಬೆಲ್ಟ್ ಜಾರುತ್ತಿದೆ, ಅಂದರೆ ಬಿಗಿ ಸಾಲದು. ಸದ್ದು ಪೂರಾ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿ ಇಲ್ಲ. ನೀರಿಗೆ ಕ್ಯಾರೇ ಅನ್ನದಿದ್ದರೆ ಯಾವುದೋ ಬೇರಿಂಗ್ ಮೇಲೆ ಅನುಮಾನ ಪಡಬೇಕು.

ಅಂಗಿಯ ತೋಳು ಮೇಲಕ್ಕೆ ಮಡಚಿ, ಉಂಗುರ ವಾಚು ತೆಗೆದಿಡಿ. ಬಾಟಲಿ ಹಿಡಿದ ಕೈ ಬಿಟ್ಟು ಬೇರೇನೂ ಬಾನೆಟ್ ಒಳಗೆ ಹೋಗಬಾರದು. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ.

ಮಲ್ಟಿಮೀಟರ್‌ಅಕ್ಕ

ಒಂದು ಮಾತು ಸೇರಿಸುತ್ತೇನೆ. ಆಲ್ಟರ್ನೇಟರ್ ಹೋಗಿದೆ ಅಂತ ಹೇಳಿದವರು ಮೀಟರ್ ಹಚ್ಚಿ ನೋಡಿದರಾ? ಎಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್ ಹಚ್ಚಿದರೆ 13.8ರಿಂದ 14.4 ವೋಲ್ಟ್ ಆಸುಪಾಸು ಬರಬೇಕು. ಕೂಗುವಾಗ ಕಮ್ಮಿ ಇದ್ದು, ಕೂಗು ನಿಂತ ಮೇಲೆ ಸರಿಯಾದರೆ ಬೆಲ್ಟ್ ಜಾರುತ್ತಿತ್ತು ಅನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಹಳೇಗಾಡಿ

ಗ್ರೀಸ್‌ಕೈ ಅಣ್ಣ, ಅಕ್ಕ, ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಎಲ್ಲಾ ಮಾಡಿದೆ. ಮಗಳು ಬಾಟಲಿ ಹಿಡಿಯುತ್ತೇನೆ ಅಂತ ಹಟ ಮಾಡಿದಳು, ಕೊಡಲಿಲ್ಲ. ಅವಳು ದೂರ ನಿಂತು ಸೆಕೆಂಡ್ ಎಣಿಸಿದಳು.

ಹೆಬ್ಬೆರಳಿಗೆ ಬೆಲ್ಟ್ ಸುಮಾರು 20 ಮಿಲಿಮೀಟರ್ ಬಗ್ಗಿತು. ಎಣ್ಣೆ, ಕೂಲೆಂಟ್ ಏನೂ ಇಲ್ಲ. ಕೂಗುವಾಗ ವೋಲ್ಟ್ 12.9, ನಿಂತ ಮೇಲೆ 14.1. ನೀರು ಸಿಂಪಡಿಸಿದರೆ ಅಯ್ಯೋ, ಬೀದಿಗೆಲ್ಲ ಕೇಳುವ ಹಾಗೆ ಕೂಗಿತು! ಸರಿ, ಎಂಜಿನ್ ಆಫ್ ಮಾಡಿ, ಆಲ್ಟರ್ನೇಟರ್ ಕೆಳಗಿನ ಬೋಲ್ಟನ್ನೂ ಮೇಲಿನ ಪಟ್ಟಿಯ ಬೋಲ್ಟನ್ನೂ ಸಡಿಲ ಮಾಡಿ, ಅಡ್ಜಸ್ಟ್ ಮಾಡುವ ಸ್ಕ್ರೂ ತಿರುಗಿಸಿ 10ಕ್ಕೆ ತಂದು ಬಿಗಿ ಮಾಡಿದೆ. 'ಕೀಂಂಂ' ಹೋಯಿತು.

ಆದರೆ ಅದು ಹೋದಮೇಲೆ ಇನ್ನೊಂದು ಸದ್ದು ಕೇಳಿಸುತ್ತಿದೆ. ಐಡಲ್‌ನಲ್ಲಿ ಗುಬ್ಬಿಮರಿ ಹಾಗೆ 'ಚಿಕ್, ಚಿಕ್, ಚಿಕ್'. ಆಕ್ಸಿಲರೇಟರ್ ಒತ್ತಿದರೆ ಅದೂ ಬೇಗ ಬೇಗ ಬಡಿಯುತ್ತದೆ. ನಿಜ ಹೇಳಬೇಕೆಂದರೆ ಇದು ಮೊದಲಿಂದಲೂ ಇತ್ತು, ನಾನು ಎಂಜಿನ್ ವಾಲ್ವಿನ ಟ್ಯಾಪೆಟ್ ಸದ್ದು ಅಂದುಕೊಂಡಿದ್ದೆ. ಅದಕ್ಕೂ ನೀರು ಹೊಡೆದೆ. ಪೂರಾ ನಿಂತಿತು. ಮಗಳ ಎಣಿಕೆ ಪ್ರಕಾರ 26 ಸೆಕೆಂಡ್ ಆದಮೇಲೆ ಮತ್ತೆ ಶುರು. ಇನ್ನೂ ಸ್ವಲ್ಪ ಬಿಗಿ ಮಾಡಲಾ?

ಗ್ರೀಸ್‌ಕೈ

ಬೇಡ! ಬಿಗಿ ಮಾಡಿದಷ್ಟೂ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಬೇರಿಂಗ್ ಮೇಲೆ ಎಳೆತ ಬೀಳುತ್ತದೆ. ಆಗ ನಿಜವಾಗಿಯೂ ಅವನ್ನು ಬದಲಿಸಬೇಕಾಗುತ್ತದೆ.

ನಿಮ್ಮ ಗಾಡಿಗೆ ಎರಡು ಕಾಯಿಲೆ ಇದ್ದವು. ಹೊಸ ಬೆಲ್ಟ್ ಮೊದಮೊದಲು ಸ್ವಲ್ಪ ಹಿಗ್ಗಿ, ಪುಲ್ಲಿಗೆ ಹೊಂದಿಕೊಂಡು ಕೂರುತ್ತದೆ. ಆಮೇಲೆ ಯಾರೂ ಮತ್ತೆ ಬಿಗಿ ನೋಡಲಿಲ್ಲ. ಅದು ಮೊದಲನೆಯದು, ಹೋಯಿತು. ಎರಡನೆಯದು ಸಾಲು ತಪ್ಪಿದ್ದು. ಬೆಲ್ಟ್ ಓರೆಯಾಗಿ ಗೆರೆಯೊಳಗೆ ಇಳಿಯುವಾಗ ಅಂಚು ಉಜ್ಜಿ 'ಚಿಕ್' ಅನ್ನುತ್ತದೆ. ನೀರು ಆ ಉಜ್ಜಾಟಕ್ಕೆ ಎಣ್ಣೆ ಹಾಕಿದ ಹಾಗೆ, ಆರುವವರೆಗೆ ಮಾತ್ರ.

ಮೊದಲು ಬೆಲ್ಟಿನ ಬೆನ್ನ ಮೇಲಿನ ನಂಬರ್ ಓದಿ. 4ಪಿಕೆ, 5ಪಿಕೆ ಅಂತ ಇದ್ದರೆ ಮೊದಲ ಅಂಕಿ ಗೆರೆಗಳ ಲೆಕ್ಕ, ಕೊನೆಯ ಅಂಕಿಗಳು ಮಿಲಿಮೀಟರಿನಲ್ಲಿ ಉದ್ದ. ಎಲ್ಲಾ ಪುಲ್ಲಿಯಲ್ಲೂ ಬೆಲ್ಟ್ ಸರಿಯಾದ ಗೆರೆಯಲ್ಲೇ ಕೂತಿದೆಯಾ ನೋಡಿ. ಒಂದು ಗೆರೆ ಪಕ್ಕಕ್ಕೆ ಕೂರಿಸುವುದು ಅವಸರದಲ್ಲಿ ಆಗುವ ತಪ್ಪೇ. ನಾನೂ ಮಾಡಿದ್ದೇನೆ, ಒಮ್ಮೆಯಲ್ಲ. ಅದು ಸರಿ ಇದ್ದರೆ ಉದ್ದನೆಯ ಸ್ಟೀಲ್ ಸ್ಕೇಲನ್ನು ಕ್ರ್ಯಾಂಕ್ ಪುಲ್ಲಿಯ (ಎಂಜಿನ್ ನೇರವಾಗಿ ತಿರುಗಿಸುವ ಪುಲ್ಲಿ) ಮುಖಕ್ಕೆ ಒತ್ತಿಹಿಡಿದು, ಆಲ್ಟರ್ನೇಟರ್ ಪುಲ್ಲಿಯ ಕಡೆ ಎಷ್ಟು ಸಂದು ಬರುತ್ತದೆ ನೋಡಿ. ಪುಲ್ಲಿಗಳ ಅಂಚಿನ ದಪ್ಪ ಬೇರೆ ಬೇರೆ ಇರಬಹುದು, ಆದ್ದರಿಂದ ಅಂಚನ್ನಲ್ಲ, ಮೊದಲ ಗೆರೆಯನ್ನು ಲೆಕ್ಕಕ್ಕೆ ಹಿಡಿಯಿರಿ. ಹಾಗೇ ಎಂಜಿನ್ ಓಡುವಾಗ ದೂರದಿಂದ ಕ್ರ್ಯಾಂಕ್ ಪುಲ್ಲಿ ಓಲಾಡುತ್ತಿದೆಯಾ ನೋಡಿ. ಒಳಗಿನ ರಬ್ಬರ್ ಬಿಟ್ಟುಕೊಂಡರೆ ಹೊರಗಿನ ಬಳೆ ಅಡ್ಡಾಡುತ್ತದೆ.

ನನ್ನ ಅನುಮಾನ ಬೇರೆಯೇ ಇದೆ. ಸದ್ದು ಶುರುವಾದದ್ದು ಆಲ್ಟರ್ನೇಟರ್ ಬಿಚ್ಚಿದ ಮೇಲೆ ತಾನೇ? ಕೆಳಗಿನ ಉದ್ದ ಬೋಲ್ಟಿನಲ್ಲಿ, ಬ್ರ್ಯಾಕೆಟ್ಟಿಗೂ ಆಲ್ಟರ್ನೇಟರ್ ಕಿವಿಗೂ (ಬೋಲ್ಟ್ ತೂರುವ ತೂತಿನ ಭಾಗ) ನಡುವೆ ಕೆಲವು ಗಾಡಿಗಳಲ್ಲಿ ದಪ್ಪ ವಾಷರ್ ಇರುತ್ತದೆ. ಅದು ಇದೆಯಾ ನೋಡಿ.

ಹಳೇಗಾಡಿ

ಅಣ್ಣ, ಏನು ಹೇಳಲಿ.

ಗೆರೆ ಸರಿಯಾಗಿತ್ತು, 4ಪಿಕೆ, ನಾಲ್ಕೂ ಕೂತಿದ್ದವು. ಕ್ರ್ಯಾಂಕ್ ಪುಲ್ಲಿ ನೆಟ್ಟಗೆ ತಿರುಗುತ್ತಿದೆ. ಸ್ಕೇಲ್ ಇಟ್ಟರೆ ಆಲ್ಟರ್ನೇಟರ್ ಪುಲ್ಲಿ ಎಂಜಿನ್ ಕಡೆಗೆ ಎರಡು, ಎರಡೂವರೆ ಮಿಲಿಮೀಟರ್ ಒಳಗೆ ಹೋಗಿತ್ತು. ಬೋಲ್ಟ್ ಹತ್ತಿರ ಟಾರ್ಚ್ ಹಾಕಿ ನೋಡಿದೆ. ವಾಷರ್ ಇಲ್ಲ, ಆದರೆ ಬ್ರ್ಯಾಕೆಟ್ ಮೇಲೆ ದುಂಡಗೆ ಹೊಳೆಯುವ ಗುರುತು ಇತ್ತು.

ಆಗ ನೆನಪಾಯಿತು. ಆವತ್ತು ಗ್ಯಾರೇಜಿನವರು ಹಳೇ ಬೆಲ್ಟ್, ಹಳೇ ಬ್ರಷ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟಿದ್ದರು. ಅಪ್ಪನ ಹಾಗೆ ನಾನೂ ಏನನ್ನೂ ಎಸೆಯುವವನಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕದಲ್ಲೇ ಇತ್ತು. ಕವರ್ ಸುರುವಿದರೆ ಬೆಲ್ಟಿನ ಜೊತೆ ದಪ್ಪ ವಾಷರ್ ಟಣ್ ಅಂತ ಕೆಳಗೆ ಬಿತ್ತು.

ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಬೋಲ್ಟ್ ಎಳೆದು ವಾಷರ್ ಸೇರಿಸುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅದರಲ್ಲಿ ಅರ್ಧ ಗಂಟೆ ಕೈಜಾರಿದ ವಾಷರ್ ಹುಡುಕಿದ್ದು. ಈಗ ಸ್ಕೇಲ್ ಇಟ್ಟರೆ ಸಂದೇ ಇಲ್ಲ. 'ಚಿಕ್ ಚಿಕ್' ಇಲ್ಲ. ಟ್ಯಾಪೆಟ್ ಸದ್ದೂ ಇಲ್ಲ!

ಟಾಪ್‌ಗೇರ್‌ಮಾಮ

ನನ್ನ ಗಾಡಿಯಲ್ಲೂ ಆ ಬೋಲ್ಟ್ ಹತ್ತಿರ ಒಮ್ಮೆ ನೋಡುತ್ತೇನೆ.

ಗ್ರೀಸ್‌ಕೈ

ನೋಡಿ ಮಾಮ, ಸೋಪು ತೊಳೆದು ಆಮೇಲೆ ನೋಡಿ.

ಹಳೇಗಾಡಿಯವರೇ, ನಾಲ್ಕು ತಿಂಗಳು ಓರೆಯಾಗಿ ಓಡಿದ ಬೆಲ್ಟ್ ಅದು. ಒಂದು ಬದಿಯ ಅಂಚು ಎಳೆ ಬಿಟ್ಟುಕೊಂಡಿದೆಯಾ ನೋಡಿ. ಎಳೆ ಬಿಟ್ಟಿದ್ದರೆ ಬದಲಿಸಿ. ಇಲ್ಲದಿದ್ದರೆ ಅದೇ ಓಡಲಿ, ಎರಡು ವಾರ ಬಿಟ್ಟು ಹೆಬ್ಬೆರಳು ಇಟ್ಟು ಬಿಗಿ ನೋಡಿ. ಹಳೇ ಬೆಲ್ಟ್ ತೀರಾ ಸೀಳಿರದಿದ್ದರೆ ಡಿಕ್ಕಿಯಲ್ಲೇ ಇರಲಿ. ದಾರಿ ಮಧ್ಯೆ ಇದು ಹರಿದರೆ ವಾಟರ್ ಪಂಪೂ ನಿಲ್ಲುತ್ತದೆ, ಎಂಜಿನ್ ಕಾದುಹೋಗುತ್ತದೆ, ಗಾಡಿ ಅಲ್ಲೇ ನಿಲ್ಲಿಸಬೇಕಾಗುತ್ತದೆ. ಹಳೇ ಬೆಲ್ಟ್ ಮನೆ ಮುಟ್ಟಿಸುತ್ತದೆ.