ಪದಚರ್ಚೆ: ‘ರೆಟ್ರಾಸ್ಪೆಕ್ಟಿವ್’ಗೆ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ಜ್ಯೋತಿ ಭಟ್ ಅವರ ಫೋಟೋಗಳ ಬಗ್ಗೆ ಒಂದು ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಬರೋಡದ ಹಿರಿಯ ಕಲಾವಿದರು, 1934ರಲ್ಲಿ ಹುಟ್ಟಿದವರು. 2023ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಸಂಗ್ರಹಾಲಯದಲ್ಲಿ ಅವರ ಫೋಟೋಗಳ ಪ್ರದರ್ಶನ ನಡೆದಿತ್ತು. ನಾಳೆ ಸಂಜೆಯೊಳಗೆ ಕೊಡಬೇಕು. ‘ರೆಟ್ರಾಸ್ಪೆಕ್ಟಿವ್’, ಅಂದರೆ ಒಬ್ಬ ಕಲಾವಿದರ ಹಲವು ವರ್ಷಗಳ ಕೆಲಸವನ್ನು ಒಟ್ಟಿಗೆ ತೋರಿಸುವ ಪ್ರದರ್ಶನ, ಅನ್ನೋದು ತಲೆಬರಹದಲ್ಲೇ ಇದೆ. ಸಿಂಹಾವಲೋಕನ, ಪುನರಾವಲೋಕನ, ಹಿನ್ನೋಟ, ಇವುಗಳಲ್ಲಿ ಯಾವುದು? ‘ಕಾಂಟ್ಯಾಕ್ಟ್ ಶೀಟ್’ಗೆ ‘ಸಂಪರ್ಕ ಹಾಳೆ’ ಅಂತ ಬರೆದಿದ್ದೇನೆ. ಸರಿಯಾ?

ಮರು:
ಪುನರಾವಲೋಕನ ತಪ್ಪು. ಪುನಃ + ಅವಲೋಕನ, ಪುನರವಲೋಕನ. ದೀರ್ಘ ಎಲ್ಲಿಂದ ಬಂತು? ಸಿಂಹಾವಲೋಕನ ಹಾಕಿ, ಮುಗಿಯಿತು.

ಮರು:
ಮುಗಿಯಲಿಲ್ಲ ಸರ್. ಸಿಂಹಾವಲೋಕನದಲ್ಲಿ ತಿರುಗಿ ನೋಡುವುದು ಸಿಂಹವೇ. ದಾರಿ ನಡೆದವನೇ ನಿಂತು ಹಿಂದೆ ನೋಡಬೇಕು. ಪ್ರದರ್ಶನದಲ್ಲಿ ಚಿತ್ರ ಆರಿಸುವವರು ಬೇರೆ, ನೋಡುವವರು ನಾವು. ಹಿನ್ನೋಟಕ್ಕೆ ಈ ತೊಡಕಿಲ್ಲ. ಮುನ್ನೋಟ, ಒಳನೋಟ ಆಗಲೇ ಬಳಕೆಯಲ್ಲಿವೆ, ಇದೂ ಅದೇ ಸಾಲಿನದು.

‘ಸಂಪರ್ಕ ಹಾಳೆ’ ಬೇಡವೇ ಬೇಡ. ಓದಿದವರು ಫೋನ್ ನಂಬರುಗಳ ಪಟ್ಟಿ ಅಂದುಕೊಳ್ಳುತ್ತಾರೆ. ಇಲ್ಲಿ ಕಾಂಟ್ಯಾಕ್ಟ್ ಅಂದರೆ ತಾಗುವುದು. ಡಾರ್ಕ್ ರೂಮಿನಲ್ಲಿ ನೆಗೆಟಿವ್ ಪಟ್ಟಿಗಳನ್ನು ಫೋಟೋ ಕಾಗದದ ಮೇಲೆ ನೇರ ಇಟ್ಟು, ಗಾಜು ಒತ್ತಿ, ಬೆಳಕು ಬಿಡುತ್ತಾರೆ. ಹಿಗ್ಗಿಸುವುದಿಲ್ಲ. ಒಂದು ರೋಲಿನ 36 ಚಿತ್ರಗಳೂ ನೆಗೆಟಿವಿನ ಅಳತೆಯಲ್ಲೇ ಒಂದು ಹಾಳೆಯಲ್ಲಿ ಮೂಡುತ್ತವೆ. ಯಾವುದನ್ನು ದೊಡ್ಡದು ಮಾಡಬೇಕು ಅಂತ ಅದರ ಮೇಲೆ ಗುರುತು ಹಾಕುತ್ತಾರೆ. ಕಲಾವಿದ ಏನನ್ನು ಆರಿಸಿದ, ಏನನ್ನು ಬಿಟ್ಟ ಅನ್ನುವುದು ಕಾಣುವುದು ಅಲ್ಲಿ. ಲೇಖನಕ್ಕೆ ಅದು ಮುಖ್ಯ ಅಲ್ವಾ? ‘ಕಾಂಟ್ಯಾಕ್ಟ್ ಶೀಟ್’ ಅಂತಲೇ ಇರಲಿ. ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಿ.

ಮರು:
ನೆಗೆಟಿವ್, ರೋಲ್, ಶೀಟ್ ಎಲ್ಲವನ್ನೂ ಹಾಗೇ ಬಿಟ್ಟರೆ ಕನ್ನಡದ್ದು ಅಂತ ಉಳಿಯುವುದೇನು? ಮೊದಲು ‘ಛಾಯಾಚಿತ್ರ’ ಹೋಗಬೇಕು. ಛಾಯೆ ಅಂದರೆ ನೆರಳು, ಫೋಟೋ ಅಂದರೆ ಬೆಳಕು. ‘ಬೆಳಕುತಿಟ್ಟ’ ಅನ್ನಿ, ತಿಟ್ಟ ಅಂದರೆ ಚಿತ್ರ.

ಮರು:
ಛಾಯೆಗೆ ನೆರಳು ಒಂದೇ ಅರ್ಥವಲ್ಲ. ಕಾಂತಿ, ಪ್ರತಿಬಿಂಬ ಎರಡೂ ಇವೆ, ನಿಘಂಟು ತೆಗೆದು ನೋಡಿ. ಕಪ್ಪು-ಬಿಳುಪಿನ ಫೋಟೋದಲ್ಲಂತೂ ಬೆಳಕಿಗೆ ಇರುವಷ್ಟೇ ಕೆಲಸ ನೆರಳಿಗೂ ಇದೆ.

ಎರವಲಿನ ಬಗ್ಗೆ ನನ್ನ ಚಿಂತೆ ಬೇರೆ. ಕ್ಯಾಮೆರಾದ ಜತೆ ಬಂದ ಪದ ಇರಲಿ ಬಿಡಿ. ನಮ್ಮಲ್ಲೇ ಇರುವ ಪದವನ್ನು ಬಿಟ್ಟುಕೊಡಬಾರದು. ಭಟ್ ಅವರು 1960ರ ದಶಕದ ಕೊನೆಯಿಂದ ಹಳ್ಳಿ ಹಳ್ಳಿ ತಿರುಗಿ ಗೋಡೆ ಮೇಲಿನ ಚಿತ್ರ, ರಂಗೋಲಿ, ಮೈಮೇಲಿನ ಹಚ್ಚೆ ಇವುಗಳ ಫೋಟೋ ತೆಗೆದರು. ಅದಕ್ಕೆ ‘ಭಿತ್ತಿಚಿತ್ರ’, ‘ಟ್ಯಾಟೂ’ ಅಂತ ಬರೆದಿದ್ದರೆ ದಯವಿಟ್ಟು ತಿದ್ದಿ. ಚಿತ್ತಾರ, ಹಚ್ಚೆ ಅನ್ನಿ. ಮನೆಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ಕಂಡ ಮಲೆನಾಡಿನವರಿಗೆ ಅದು ಥಟ್ಟನೆ ತಲುಪುತ್ತದೆ.

ಮರು:
ಟ್ಯಾಟೂ ಅಂತಲೇ ಬರೆದಿದ್ದೆ, ತಿದ್ದಿದೆ. ತಲೆಬರಹಕ್ಕೆ ಹಿನ್ನೋಟ. ಇನ್ನೊಂದು ಉಳಿದಿದೆ. ಅವರು ಪ್ರಿಂಟ್‌ಮೇಕರ್ ಕೂಡ. ‘ಮುದ್ರಕ’ ಅಂದರೆ ಪ್ರೆಸ್ಸಿನವರು ಅಂತಾಗುತ್ತದೆ. ‘ಗ್ರಾಫಿಕ್ ಕಲಾವಿದ’ ಅಂದರೆ ಈಗ ಎಲ್ಲರೂ ಕಂಪ್ಯೂಟರ್ ಕೆಲಸ ಅಂದುಕೊಳ್ಳುತ್ತಾರೆ.

ಮರು:
‘ಮುದ್ರಣ ಕಲಾವಿದ’. ತಾಮ್ರದ ತಗಡಿನಲ್ಲಿ ಗೆರೆ ಕೊರೆದು ಅಚ್ಚು ತೆಗೆಯುವ ಕೆಲಸ ಅಂತ ಪಕ್ಕದಲ್ಲೇ ಸೇರಿಸಿ.