ವಾರ್ಡಿನ ಓಡಾಟದ ಮೇಲೆ ಪಿಎಚ್‌ಡಿ ಮಾಡಬೇಕು, ಯಾವ ವಿಭಾಗಕ್ಕೆ ಸೇರಲಿ?

ರಾತ್ರಿಪಾಳಿ:

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ನರ್ಸಿಂಗ್ ಮುಗಿಸಿ ಏಳು ವರ್ಷ ಆಯಿತು. ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ಮೆಡಿಕಲ್ ವಾರ್ಡಿನ ಸಿಸ್ಟರ್. ಈಗ ಪಿಎಚ್‌ಡಿ ಮಾಡಬೇಕು ಅಂತ ಮನಸ್ಸು ಮಾಡಿದ್ದೇನೆ. ವಿಷಯ ಇದೆ, ದಾರಿ ಗೊತ್ತಾಗುತ್ತಿಲ್ಲ.

ನಮ್ಮ ವಾರ್ಡ್ ಒಂದು ಉದ್ದನೆಯ ಹಾಲ್. 28 ಬೆಡ್, ಎರಡು ಸಾಲು. ಬಾಗಿಲ ಪಕ್ಕ ನಮ್ಮ ಸ್ಟೇಷನ್. ಬೆಡ್‌ಪ್ಯಾನ್ ತೊಳೆಯುವ ಕೋಣೆ ಇನ್ನೊಂದು ತುದಿಯಲ್ಲಿ. ಟೇಪ್ ಹಿಡಿದು ಅಳೆದೆ, 34 ಮೀಟರ್. ಹೋಗಿ ಬಂದರೆ 68. ರಾತ್ರಿ ಇಬ್ಬರು ಸಿಸ್ಟರ್, ಒಬ್ಬರು ಆಯಾ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ನಡೆದದ್ದು ಹೇಳುತ್ತೇನೆ. ದೂರದ ತುದಿಯ 28ನೇ ಬೆಡ್‌ನಲ್ಲಿ ಒಬ್ಬರು ಅಜ್ಜಿ ಇದ್ದರು. ಪಾರ್ಶ್ವವಾಯು, ತಾವಾಗಿ ಹೊರಳಲು ಆಗುತ್ತಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಆ ರಾತ್ರಿ ಎರಡು ಗಂಟೆಗೆ ಬದಲಿಸಬೇಕಿತ್ತು. ಅಷ್ಟರಲ್ಲಿ ಎರಡು ಹೊಸ ಅಡ್ಮಿಷನ್ ಬಂತು, 3ನೇ ಬೆಡ್‌ನವರಿಗೆ ಉಸಿರಾಟ ಕಷ್ಟವಾಯಿತು. ನಾನು ಅಜ್ಜಿಯ ಹತ್ತಿರ ಹೋದಾಗ ಮೂರೂ ಹತ್ತು. ಸೊಂಟದ ಕೆಳಗೆ, ಬಾಲದ ಮೂಳೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿಂದ ಒತ್ತಿದೆ. ಬೆಳ್ಳಗಾಗಲಿಲ್ಲ. ಅಂದರೆ ಬೆಡ್‌ಸೋರ್, ಒಂದೇ ಮಗ್ಗುಲಲ್ಲಿ ಮಲಗಿ ಆಗುವ ಹುಣ್ಣು, ಶುರುವಾಗಿದೆ ಅಂತ. ಅಜ್ಜಿ ನನ್ನ ಕೈ ಹಿಡಿದುಕೊಂಡು "ನೀನು ಒಬ್ಬಳೇ ಎಷ್ಟು ಕಡೆ ಓಡ್ತೀಯ ಮಗಾ" ಅಂದರು. ಅವತ್ತು ಮನೆಗೆ ಹೋದ ಮೇಲೂ ನಿದ್ದೆ ಬರಲಿಲ್ಲ.

ಆಮೇಲೆ ಲೆಕ್ಕ ಇಡಲು ಶುರು ಮಾಡಿದೆ. ಏಪ್ರನ್ ಜೇಬಿನಲ್ಲಿ ಫೋನ್ ಇಟ್ಟುಕೊಂಡೆ. ಒಂದು ರಾತ್ರಿಗೆ 11,400 ಹೆಜ್ಜೆ ತೋರಿಸಿತು. ಆ ರಾತ್ರಿ ಸ್ಟೇಷನ್‌ನಿಂದ ತೊಳೆಯುವ ಕೋಣೆಗೆ 19 ಸಲ ಹೋಗಿ ಬಂದಿದ್ದೆ. ಅದೊಂದೇ ಸುಮಾರು 1.3 ಕಿಲೋಮೀಟರ್. ಕಟ್ಟಡ ಬೇರೆ ಥರ ಇದ್ದಿದ್ದರೆ ಅಜ್ಜಿಯ ಹತ್ತಿರ ಬೇಗ ಹೋಗುತ್ತಿದ್ದೆನಾ? ಇದೇ ನನ್ನ ಪ್ರಶ್ನೆ.

ಒಬ್ಬ ನರ್ಸಿಂಗ್ ಪ್ರೊಫೆಸರ್‌ಗೆ ಹೇಳಿದೆ. "ಇದು ನಮ್ಮ ವಿಷಯ ಅಲ್ಲಮ್ಮ, ಆರ್ಕಿಟೆಕ್ಚರ್‌ನವರನ್ನು ಕೇಳು" ಅಂದರು. ಒಂದು ಆರ್ಕಿಟೆಕ್ಚರ್ ಕಾಲೇಜಿಗೆ ಹೋದೆ. "ಬಿ.ಆರ್ಕ್ ಮಾಡಿದ್ದೀರಾ?" ಅಂತ ಕೇಳಿ ಕಳಿಸಿದರು. ಇಂಜಿನಿಯರಿಂಗ್ ಕಡೆ ಹೋಗಲು ಧೈರ್ಯವೇ ಬರಲಿಲ್ಲ. ಇಂಥ ವಿಷಯ ಯಾರಾದರೂ ಮಾಡಿದ್ದೀರಾ? ಕೆಲಸ ಬಿಡಲು ಆಗುವುದಿಲ್ಲ, ಮನೆ ನಡೆಯಬೇಕು. ಮಗನಿಗೆ ನಾಲ್ಕು ವರ್ಷ.

ಕರಾವಳಿ_ಬೋಧಕಿ:

ಸಿಸ್ಟರ್, ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಪಿಎಚ್‌ಡಿ ಕೂಡ ನರ್ಸಿಂಗ್‌ನಲ್ಲೇ. ಕೆಲಸ ಮಾಡುತ್ತಲೇ ಮುಗಿಸಿದೆ. ನೀವು ನರ್ಸಿಂಗ್‌ನಲ್ಲೇ ಇರಿ. ಎಲ್ಲೂ ಹೋಗಬೇಡಿ.

ಯಾಕೆ ಅಂದರೆ, "ತೊಳೆಯುವ ಕೋಣೆ ಎಲ್ಲಿರಬೇಕು" ಅಂತ ಕೇಳಿದರೆ ಅದು ಆರ್ಕಿಟೆಕ್ಚರ್. "ದೂರದ ಬೆಡ್‌ನ ರೋಗಿಯ ಮಗ್ಗುಲು ಬದಲಿಸುವುದು ತಡವಾಗುತ್ತದಾ" ಅಂತ ಕೇಳಿದರೆ ಅದು ನರ್ಸಿಂಗ್. ನಿಮ್ಮ ಮನಸ್ಸಿನಲ್ಲಿರುವುದು ಎರಡನೆಯದು. ಪ್ರೊಫೆಸರ್ ಹತ್ತಿರ ನೀವು ಕಟ್ಟಡದಿಂದ ಮಾತು ಶುರು ಮಾಡಿರಬೇಕು. ಮುಂದಿನ ಸಲ ಅಜ್ಜಿಯ ಬೆನ್ನಿನಿಂದ ಶುರು ಮಾಡಿ.

ಯುಜಿಸಿಯ 2022ರ ಪಿಎಚ್‌ಡಿ ನಿಯಮ ಓದಿಕೊಳ್ಳಿ. ನಿಮ್ಮಂಥವರಿಗೆ ಅದರಲ್ಲಿ ದಾರಿ ಇದೆ. ಎರಡು ಮೂರು ಶಾಸ್ತ್ರ ಸೇರುವ ವಿಷಯಕ್ಕೆ ಬೇರೆ ವಿಭಾಗದಿಂದ, ಬೇರೆ ವಿಶ್ವವಿದ್ಯಾಲಯದಿಂದಲೂ ಕೋ-ಗೈಡ್ (ಜೊತೆ ಮಾರ್ಗದರ್ಶಕರು) ತೆಗೆದುಕೊಳ್ಳಬಹುದು. ಪಾರ್ಟ್‌ಟೈಮ್ ಮಾಡಬಹುದು, ಆದರೆ ಆಸ್ಪತ್ರೆಯಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಬೇಕು. ಓದಲು ಸಮಯ ಕೊಡುತ್ತೇವೆ, ಕೋರ್ಸ್‌ವರ್ಕ್‌ಗೆ ಬೇಕಾದರೆ ಬಿಡುತ್ತೇವೆ ಅಂತ ಅದರಲ್ಲಿ ಬರೆದಿರಬೇಕು. ಬಾಯಿಮಾತಿನ ಒಪ್ಪಿಗೆ ನಂಬಿ ಸೇರಬೇಡಿ. ನನ್ನ ಜೊತೆಗಿದ್ದ ಒಬ್ಬರು ಹಾಗೇ ಸೇರಿದರು, ಡ್ಯೂಟಿ ಚಾರ್ಟ್ ಬದಲಾಗಿ ಕೋರ್ಸ್‌ವರ್ಕ್ ಅರ್ಧಕ್ಕೇ ನಿಂತಿತು. ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಇನ್ನೆರಡು ವರ್ಷ ಸಿಗುತ್ತದೆ. ಹೆರಿಗೆ ಮತ್ತು ಮಗು ನೋಡಿಕೊಳ್ಳಲು ಒಟ್ಟು 240 ದಿನದವರೆಗೆ ರಜೆಯೂ ಇದೆ.

ಇನ್ನು ವಿಷಯಕ್ಕೆ ಬರುತ್ತೇನೆ. ನಿಮ್ಮ ವಾರ್ಡಿನಲ್ಲಿ ಸೀರಿಯಸ್ ರೋಗಿಯನ್ನು ಯಾವ ಬೆಡ್‌ಗೆ ಹಾಕುತ್ತೀರಿ? ಸ್ಟೇಷನ್ ಎದುರಿಗೆ, ಅಲ್ವಾ? ಎಲ್ಲ ಇಂಚಾರ್ಜ್ ಸಿಸ್ಟರ್‌ಗಳೂ ಹಾಗೇ ಮಾಡುತ್ತಾರೆ. ಹಾಗಾಗಿ ಹತ್ತಿರದ ಬೆಡ್, ದೂರದ ಬೆಡ್ ಅಂತ ಸುಮ್ನೆ ಬೆಡ್‌ಸೋರ್ ಎಣಿಸಿದರೆ ಹತ್ತಿರದಲ್ಲೇ ಜಾಸ್ತಿ ಬರಬಹುದು. ಯಾಕೆಂದರೆ ಅಲ್ಲಿರುವವರೇ ಹೆಚ್ಚು ಕಾಯಿಲೆಯವರು. ನೋಡುವವರು "ದೂರ ಇದ್ದರೇ ಒಳ್ಳೆಯದು" ಅಂದುಬಿಡುತ್ತಾರೆ. ಅದಕ್ಕೇ ಅಡ್ಮಿಷನ್ ದಿನವೇ ಪ್ರತಿಯೊಬ್ಬರ ಬ್ರೇಡನ್ ಸ್ಕೋರ್ ಬರೆದಿಡಬೇಕು. 6ರಿಂದ 23ರವರೆಗಿನ ಆ ಸ್ಕೋರ್ ನಿಮಗೆ ಗೊತ್ತೇ ಇದೆ, ಕಡಿಮೆ ಆದಷ್ಟೂ ಬೆಡ್‌ಸೋರ್ ಆಗುವ ಅಪಾಯ ಹೆಚ್ಚು. ಒಂದೇ ಸ್ಕೋರ್ ಇರುವ ಇಬ್ಬರನ್ನು ಹೋಲಿಸಿದರೆ ಮಾತ್ರ ದೂರದ ಪರಿಣಾಮ ಕಾಣುತ್ತದೆ.

ಇನ್ನೊಂದು ಮಾತು. ಬೆಡ್‌ಸೋರ್‌ಗಿಂತ ಮೊದಲು "ಮಗ್ಗುಲು ಬದಲಿಸಲು ಎಷ್ಟು ನಿಮಿಷ ತಡವಾಯಿತು" ಅನ್ನುವುದನ್ನು ಅಳೆಯಿರಿ. ಅದು ಪ್ರತಿ ರಾತ್ರಿ ಸಿಗುವ ಲೆಕ್ಕ. ಬೆಡ್‌ಸೋರ್‌ಗೆ ಕಾಯುತ್ತಾ ಕೂರುವುದು ಬೇಡ, ಅದು ಆಗಬಾರದು ಅಂತಲೇ ತಾನೇ ನಾವಿರುವುದು.

ಮಣ್ಣಿನಗೋಡೆ:

ನಾನು ಆರ್ಕಿಟೆಕ್ಟ್. ಆಸ್ಪತ್ರೆ ಕಟ್ಟಡಗಳ ಮೇಲೆ ಸಂಶೋಧನೆ ಮಾಡುತ್ತಿದ್ದೇನೆ. ನಿಮ್ಮನ್ನು "ಬಿ.ಆರ್ಕ್ ಇದೆಯಾ" ಅಂತ ಕೇಳಿ ಕಳಿಸಿದ್ದು ಓದಿ ಬೇಜಾರಾಯಿತು. ಆಸ್ಪತ್ರೆ ಹೇಗಿರಬೇಕು ಅಂತ ನಮಗೆ ಮೊದಲು ಹೇಳಿಕೊಟ್ಟವರಲ್ಲಿ ನಿಮ್ಮವರೇ ಒಬ್ಬರು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಆಸ್ಪತ್ರೆ ಕಟ್ಟಡಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಉದ್ದನೆಯ ಹಾಲ್, ಎರಡೂ ಕಡೆ ಎತ್ತರದ ಕಿಟಕಿ, ಎರಡು ಸಾಲು ಬೆಡ್. ಅದಕ್ಕೆ ಇವತ್ತಿಗೂ ನೈಟಿಂಗೇಲ್ ವಾರ್ಡ್ ಅಂತಲೇ ಹೆಸರು. ನೀವು ಹೇಳಿದ ವಾರ್ಡ್ ಹೆಚ್ಚುಕಡಿಮೆ ಅದೇ.

ಅದರಲ್ಲಿ ಶೌಚ, ತೊಳೆಯುವ ಜಾಗ ಯಾಕೆ ತುದಿಗೆ ಹೋಯಿತು ಗೊತ್ತಾ? ಕೆಟ್ಟ ಗಾಳಿಯಿಂದಲೇ ರೋಗ ಹರಡುತ್ತದೆ ಅಂತ ಆಗ ನಂಬಿದ್ದರು. ವಾಸನೆ ಬೆಡ್‌ಗಳ ಕಡೆ ಬರಬಾರದು ಅಂತ ದೂರ ಇಟ್ಟರು. ಒಂದೇ ಹಾಲ್ ಮಾಡಿದ್ದಕ್ಕೂ ಕಾರಣ ಇತ್ತು. ಒಬ್ಬ ಸಿಸ್ಟರ್ ನಿಂತಲ್ಲಿಂದಲೇ ಎಲ್ಲ ರೋಗಿಗಳೂ ಕಾಣಬೇಕು. ಕೋಣೆ ಕೋಣೆ ಮಾಡಿದರೆ ಆ ನೋಟ ಹೋಗುತ್ತದೆ. ತೊಳೆಯುವ ಕೋಣೆ ಮಧ್ಯಕ್ಕೆ ತಂದರೆ ನಡಿಗೆ ಉಳಿಯುತ್ತದೆ, ಆದರೆ ರಾತ್ರಿ ಶಬ್ದ, ಸೋಂಕು, ವಾಸನೆ ಪಕ್ಕದ ಬೆಡ್‌ಗಳಿಗೆ ಬರುತ್ತದೆ. ಆದ್ದರಿಂದ ನಿಮ್ಮ ಪ್ರಬಂಧದಲ್ಲಿ ನಡಿಗೆ ಒಂದನ್ನೇ ಬರೆಯಬೇಡಿ. ಸ್ಟೇಷನ್‌ನಲ್ಲಿ ಕುಳಿತಾಗ ಯಾವ ಯಾವ ಬೆಡ್‌ನ ಮುಖ ಕಾಣುತ್ತದೆ, ಅದನ್ನೂ ಪ್ಲಾನ್ ಮೇಲೆ ಗುರುತು ಮಾಡಿ. ನನ್ನ ಅನಿಸಿಕೆ, ನಿಮ್ಮ 28ನೇ ಬೆಡ್ ದೂರ ಇದ್ದದ್ದಕ್ಕಿಂತ ಕಣ್ಣಿಗೆ ಕಾಣದೆ ಇದ್ದದ್ದೇ ತೊಂದರೆ ಇರಬಹುದು. ಈ ನೋಟದ ಲೆಕ್ಕ ಹಾಕಲು ಡೆಪ್ತ್‌ಮ್ಯಾಪ್ಎಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಒಂದು ವಾರದಲ್ಲಿ ಕಲಿಯಬಹುದು.

ನಿಮಗೆ ಧೈರ್ಯ ಕೊಡುವ ಒಂದು ಕೆಲಸ ಹೇಳುತ್ತೇನೆ. ರೋಜರ್ ಅಲ್ರಿಚ್ ಅನ್ನುವ ಸಂಶೋಧಕರು 1984ರಲ್ಲಿ ಪ್ರಕಟಿಸಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆ, ಪಿತ್ತಕೋಶದ ಆಪರೇಷನ್ ಆದ 46 ಜನ. ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಇನ್ನರ್ಧ ಜನಕ್ಕೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ನೋವು ಕಡಿಮೆ ಮಾಡುವ ಜೋರು ಔಷಧಿ ಕಡಿಮೆ ತೆಗೆದುಕೊಂಡರು. ಇದಕ್ಕೆ ಅವರು ನೋಡಿದ್ದು ಆಸ್ಪತ್ರೆಯ ಹಳೇ ದಾಖಲೆ, ಅದರಲ್ಲಿ ಸಿಸ್ಟರ್‌ಗಳು ಬರೆದಿಟ್ಟ ನೋಟ್ಸ್. ನಮ್ಮ ಕ್ಷೇತ್ರದಲ್ಲಿ ಎಲ್ಲರೂ ಓದುವ ಸಂಶೋಧನೆ ನಿಮ್ಮವರ ಕೈಬರಹದ ಮೇಲೆ ನಿಂತಿದೆ.

ರಾತ್ರಿಪಾಳಿ:

ಮೇಡಂ, ಸರ್, ಏನು ಹೇಳಲಿ. ಬ್ರೇಡನ್ ಸ್ಕೋರ್ ವಿಷಯ ನನಗೆ ಹೊಳೆದೇ ಇರಲಿಲ್ಲ. ನಿಜ, 1ರಿಂದ 6ನೇ ಬೆಡ್‌ವರೆಗೆ ನಮ್ಮಲ್ಲಿ ಯಾವಾಗಲೂ ಸೀರಿಯಸ್ ಕೇಸ್. ಅಜ್ಜಿ ಬಂದ ದಿನ ಅಲ್ಲಿ ಖಾಲಿ ಇರಲಿಲ್ಲ ಅಂತ 28ಕ್ಕೆ ಹೋದರು.

ಕಾಣುವುದರ ಬಗ್ಗೆ: ನಿನ್ನೆ ರಾತ್ರಿ ಸ್ಟೇಷನ್ ಕುರ್ಚಿಯಲ್ಲಿ ಕುಳಿತು ನೋಡಿದೆ. ಹಾಲ್ ಮಧ್ಯದಲ್ಲಿ ಲಿನನ್ ಇಡುವ ಕಬ್ಬಿಣದ ಬೀರು ಇದೆ. ಅದರ ಹಿಂದಿನ ನಾಲ್ಕು ಬೆಡ್ ಕಾಣುವುದೇ ಇಲ್ಲ. ಎದ್ದು ನಿಂತರೆ ಎರಡು ಕಾಣುತ್ತದೆ. ಏಳು ವರ್ಷ ಅದೇ ಕುರ್ಚಿಯಲ್ಲಿ ಕುಳಿತಿದ್ದೇನೆ.

ಹೆಜ್ಜೆ ಲೆಕ್ಕಕ್ಕೆ ಫೋನ್ ಸಾಕಾ? ಬೇರೆ ಸಿಸ್ಟರ್‌ಗಳಿಗೂ ಕೊಡಬೇಕಾ?

ಅಳತೆಗೋಲು:

ಇಂಜಿನಿಯರಿಂಗ್ ಕಡೆ ಬರಲು ಧೈರ್ಯ ಬರಲಿಲ್ಲ ಅಂದಿರಿ. ಬನ್ನಿ ಸಿಸ್ಟರ್. ನಮ್ಮ ಲ್ಯಾಬಿನಲ್ಲಿ ಸೆನ್ಸರ್ ಇದೆ, ಕೇಳಲು ಒಳ್ಳೆಯ ಪ್ರಶ್ನೆ ಇಲ್ಲ.

ಫೋನ್ ಸಾಕಾಗುವುದಿಲ್ಲ. ಎಷ್ಟು ನಡೆದಿರಿ ಅಂತ ಅದು ಹೇಳುತ್ತದೆ, ಎಲ್ಲಿಗೆ ಅಂತ ಹೇಳುವುದಿಲ್ಲ. ಕಟ್ಟಡದ ಒಳಗೆ ಜಿಪಿಎಸ್ ನಂಬುವಂತಿಲ್ಲ. ಅದಕ್ಕೆ ಬ್ಲೂಟೂತ್ ಬೀಕನ್, ಅಂದರೆ ಸಿಗ್ನಲ್ ಕಳಿಸುವ ಪುಟ್ಟ ಸಾಧನ, ಬಳಸುತ್ತೇವೆ. ಬೆಂಕಿಪೊಟ್ಟಣದಷ್ಟು ದೊಡ್ಡದು. ಸ್ಟೇಷನ್, ತೊಳೆಯುವ ಕೋಣೆ, ಔಷಧಿ ಕಪಾಟು, ನಾಲ್ಕೈದು ಬೆಡ್‌ಗೊಂದರಂತೆ ಅಂಟಿಸಿದರೆ ಏಪ್ರನ್‌ನಲ್ಲಿರುವ ಟ್ಯಾಗ್ ಯಾವುದರ ಹತ್ತಿರ ಎಷ್ಟು ಹೊತ್ತು ಇತ್ತು ಅಂತ ಸಿಗುತ್ತದೆ. ಕಬ್ಬಿಣದ ಬೀರು ಇರುವ ಕಡೆ ಸಿಗ್ನಲ್ ಹೆಚ್ಚುಕಡಿಮೆ ಆಗುತ್ತದೆ. ಮೊದಲು ಎರಡು ದಿನ ಖಾಲಿ ವಾರ್ಡಿನಲ್ಲಿ ನಡೆದು ಪರೀಕ್ಷೆ ಮಾಡಬೇಕು.

ಆದರೆ ಇದಕ್ಕಿಂತ ದೊಡ್ಡ ವಿಷಯ ಇದೆ. ಟ್ಯಾಗ್ ಹಾಕಿಕೊಳ್ಳುವವರು ನಿಮ್ಮ ಸಹೋದ್ಯೋಗಿಗಳು. "ಯಾರು ಎಷ್ಟು ಹೊತ್ತು ಕುಳಿತಿದ್ದರು" ಅಂತ ನಾಳೆ ಮ್ಯಾನೇಜ್‌ಮೆಂಟ್ ಕೇಳಿದರೆ ಏನು ಮಾಡುತ್ತೀರಿ? ಹೆಸರು ಬೇಡ, ಕೋಡ್ ನಂಬರ್ ಮಾತ್ರ. ಆ ಕೋಡ್ ಪಟ್ಟಿ ಆಸ್ಪತ್ರೆಯ ಕೈಗೆ ಹೋಗಬಾರದು ಅಂತ ಎಥಿಕ್ಸ್ ಕಮಿಟಿಗೆ (ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿ) ಕೊಡುವ ಅರ್ಜಿಯಲ್ಲೇ ಬರೆಯಿರಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಇಂಥವರ ಒಪ್ಪಿಗೆ ಬಗ್ಗೆ ಇದೆ. ಮೇಲಿನವರು ಹೇಳಿದ್ದಕ್ಕೆ ಹೆದರಿ "ಸರಿ" ಅನ್ನುವುದು ಒಪ್ಪಿಗೆ ಅಲ್ಲ. ಯಾರಾದರೂ ಬೇಡ ಅಂದರೆ ಕಾರಣ ಕೇಳದೆ ಬಿಟ್ಟುಬಿಡಿ.

ಇನ್ನೊಂದು, ಟ್ಯಾಗ್ ಹಾಕಿದ ಮೊದಲ ಕೆಲವು ದಿನ ಎಲ್ಲರೂ ಚುರುಕಾಗಿ ಓಡಾಡುತ್ತಾರೆ. ಆ ದಿನಗಳ ಲೆಕ್ಕ ಬೇರೆ ಇಡಿ.

ಊರುಕೇರಿ:

ನಾನು ಪ್ಲಾನಿಂಗ್ ವಿದ್ಯಾರ್ಥಿ. ಒಂದೇ ಮಾತು. ರಾತ್ರಿ ರೋಗಿಯ ಕಡೆಯವರು ಎಲ್ಲಿ ಮಲಗುತ್ತಾರೆ? ಬೆಡ್‌ಗಳ ನಡುವೆ ಚಾಪೆ ಹಾಸಿರುತ್ತಾರೆ, ಅಲ್ವಾ? ನಕ್ಷೆಯಲ್ಲಿ ನಿಮ್ಮ ದಾರಿ ನೇರ ಇರುತ್ತದೆ, ರಾತ್ರಿ ಹನ್ನೊಂದಕ್ಕೆ ಇರುವುದಿಲ್ಲ. ದೂರದ ಹಳ್ಳಿಯಿಂದ ಬಂದವರಿಗೆ ಆಸ್ಪತ್ರೆ ಆವರಣದಲ್ಲಿ ತಂಗಲು ಜಾಗ ಇಲ್ಲದಿದ್ದರೆ ವಾರ್ಡೇ ಛತ್ರ ಆಗುತ್ತದೆ. ಯಾವ ರಾತ್ರಿ ಎಷ್ಟು ಜನ ನೆಲದ ಮೇಲಿದ್ದರು ಅಂತ ಒಂದು ಕಾಲಂ ಸೇರಿಸಿಕೊಳ್ಳಿ.

ಕರಾವಳಿ_ಬೋಧಕಿ:

ಇದು ಒಳ್ಳೆಯ ಮಾತು. ಸಿಸ್ಟರ್, ಒಂದೇ ವಿಶ್ವವಿದ್ಯಾಲಯದಲ್ಲಿ ಎಲ್ಲ ವಿಭಾಗವೂ ಇದ್ದರೆ ಓಡಾಟ ಕಡಿಮೆ. ಮಣಿಪಾಲದ ಮಾಹೆ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್, ಇಂಜಿನಿಯರಿಂಗ್, ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ಮೂರೂ ಕಾಲೇಜು ಇವೆ, ದೊಡ್ಡ ಆಸ್ಪತ್ರೆಯೂ ಇದೆ. ಶುಲ್ಕ, ಸೀಟು ವಿಚಾರಿಸಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಾದರೆ ಗೈಡ್ ಅಲ್ಲಿಯವರು, ಕೋ-ಗೈಡ್ ಹೊರಗಿನ ಆರ್ಕಿಟೆಕ್ಟ್ ಅಂತ ಕೇಳಿ ನೋಡಿ. ಎಲ್ಲಿಗೆ ಹೋಗುವ ಮೊದಲೂ ಪಿಎಚ್‌ಡಿ ಪ್ರಬಂಧಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಆ ಗೈಡ್ ಮಾಡಿಸಿದ ಪ್ರಬಂಧಗಳನ್ನು ಓದಿ. ದುಡ್ಡು ಕೊಡಬೇಕಾಗಿಲ್ಲ.

ರಾತ್ರಿಪಾಳಿ:

ನಾಲ್ಕು ವಾರ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ. ಎರಡು ಪುಟದ ಪ್ರಸ್ತಾವನೆ ಬರೆದೆ. ಮೊದಲ ವಾಕ್ಯ ಅಜ್ಜಿಯ ಬೆನ್ನು. ಅದನ್ನು ಹಿಡಿದು ಅದೇ ಪ್ರೊಫೆಸರ್ ಹತ್ತಿರ ಮತ್ತೆ ಹೋದೆ. ಈ ಸಲ ಪೂರ್ತಿ ಓದಿದರು. "ಹೋಲಿಸಲು ಎರಡನೇ ವಾರ್ಡ್ ಯಾವುದು?" ಅಂತ ಕೇಳಿದರು. ಉತ್ತರ ಇರಲಿಲ್ಲ, ಹುಡುಕಿಕೊಂಡು ಬರುತ್ತೇನೆ ಅಂದೆ. ನಮ್ಮ ಸರ್ಜಿಕಲ್ ವಾರ್ಡ್ ಎಲ್ ಆಕಾರದಲ್ಲಿದೆ, ಸ್ಟೇಷನ್ ಮೂಲೆಯಲ್ಲಿ. ಆದರೆ ರೋಗಿಗಳು ಬೇರೆ ಥರದವರು. ಮಣ್ಣಿನಗೋಡೆ ಸರ್, ಅದರ ಪ್ಲಾನ್ ಕೈಯಲ್ಲೇ ಬರೆದಿದ್ದೇನೆ, ಒಮ್ಮೆ ನೋಡುತ್ತೀರಾ?

ಎನ್‌ಒಸಿಗೆ ಅರ್ಜಿ ಕೊಟ್ಟಿದ್ದೇನೆ, ಇನ್ನೂ ಬಂದಿಲ್ಲ.

ಇಂಚಾರ್ಜ್ ಸಿಸ್ಟರ್‌ಗೆ ಬೀರು ವಿಷಯ ಹೇಳಿದೆ. ಕುರ್ಚಿಯಲ್ಲಿ ಕುಳಿತು ತಾವೇ ನೋಡಿದರು. ಮಾರನೇ ದಿನ ಇಬ್ಬರು ವಾರ್ಡ್ ಬಾಯ್ ಸೇರಿ ಅದನ್ನು ಗೋಡೆಗೆ ಸರಿಸಿದರು. ಈಗ ಕುಳಿತಲ್ಲಿಂದ 28 ಕಾಣುತ್ತದೆ.