ಗಾಳಿ ತುಂಬಿದರೆ ಬಾಗುವ ಬೆರಳು: ಮಾಡಿದವರ ಅನುಭವ ಬೇಕಿತ್ತು

ಪ್ರಶ್ನೆ (ಮಂಡ್ಯ, ಕೊನೇ ವರ್ಷದ ವಿದ್ಯಾರ್ಥಿನಿ):
ಟೊಮೆಟೊ ವಿಂಗಡಿಸಿ ಕ್ರೇಟಿಗೆ ಹಾಕುವ ಮೆತ್ತನೆಯ ರೋಬೋಟ್ ಕೈ ಮಾಡುತ್ತಿದ್ದೇವೆ. ಸಿಲಿಕೋನ್ ಬೆರಳಿಗೆ ಗಾಳಿ ಬಿಟ್ಟರೆ ಅದು ಬಾಗುವ ಬದಲು ಬಲೂನಿನ ಹಾಗೆ ಒಂದೇ ಕಡೆ ಉಬ್ಬಿ ಒಡೆಯುತ್ತದೆ. ಇನ್ನೂ ದೊಡ್ಡ ಪಂಪ್ ಬೇಕಾ? ಎಲ್ಲಿಂದ ಸರಿ ಮಾಡಬೇಕು?

ಮೈಸೂರಿನಿಂದ (ರಬ್ಬರ್ ಅಚ್ಚಿನ ಕೆಲಸ):
ಪಂಪ್ ಮುಟ್ಟಬೇಡಿ. ಗಾಳಿ ಎಲ್ಲಾ ಗೋಡೆಯನ್ನೂ ಒಂದೇ ಸಮ ತಳ್ಳುತ್ತದೆ. ಗೋಡೆ ಎಲ್ಲಿ ತೆಳುವೋ ಅಲ್ಲಿ ಮೊದಲು ಹಿಗ್ಗುತ್ತದೆ. ಹಿಗ್ಗಿದ ಜಾಗ ಇನ್ನೂ ತೆಳ್ಳಗಾಗಿ ಮತ್ತೆ ಅಲ್ಲೇ ಉಬ್ಬುತ್ತದೆ. ಬೆರಳು ಬಾಗಬೇಕು ಅಂದರೆ ಒಂದು ಮಗ್ಗುಲು ಹಿಗ್ಗಬೇಕು, ಎದುರಿನದು ಹಿಗ್ಗಬಾರದು. ಆದ್ದರಿಂದ ಎಲ್ಲೆಲ್ಲಿ ಹಿಗ್ಗಬಾರದು ಅನ್ನುವುದನ್ನು ಮೊದಲು ಗೆರೆ ಎಳೆದು ತೀರ್ಮಾನಿಸಿ. ಡಿಸೈನಿನ ಬಹುಪಾಲು ಅಲ್ಲೇ ಮುಗಿಯುತ್ತದೆ.

2011ರಲ್ಲಿ ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ತಂಡ ಹಸಿ ಮೊಟ್ಟೆ ಎತ್ತುವ ನಕ್ಷತ್ರ ಮೀನಿನ ಆಕಾರದ ಹಿಡಿಕೆ ಮಾಡಿತು. ಅದರ ಒಂದು ಪದರ ಚೆನ್ನಾಗಿ ಹಿಗ್ಗುವ ಸಿಲಿಕೋನ್, ಇನ್ನೊಂದು ಗಟ್ಟಿ ಸಿಲಿಕೋನ್. ಒಳಗೆ ಸಾಲಾಗಿ ಸಣ್ಣ ಗಾಳಿ ಕೋಣೆಗಳು. ನೀವು ಗಟ್ಟಿ ಪದರದ ಬದಲು ಬೆರಳಿನ ಅಂಗೈ ಕಡೆಗೆ ಒಂದು ಪಟ್ಟಿ ಬಟ್ಟೆ ಹೂತರೂ ಸಾಕು. 2014ರಲ್ಲಿ ಅದೇ ಕೋಣೆಗಳ ನಡುವೆ ಸೀಳು ಬಿಟ್ಟು ಮಾಡಿದ ಬೆರಳು ಬಂತು. ಅಕ್ಕಪಕ್ಕದ ಕೋಣೆಗಳು ಉಬ್ಬಿ ಒಂದನ್ನೊಂದು ತಳ್ಳುವುದರಿಂದ ಕಡಿಮೆ ಗಾಳಿಯಲ್ಲೇ ಪೂರ್ತಿ ಬಾಗುತ್ತದೆ. ಟೊಮೆಟೊಗೆ ಈ ಸೀಳಿನ ಬೆರಳೇ ಸರಿ ಅಂತ ನನ್ನ ಅಭಿಪ್ರಾಯ.

ಅಚ್ಚು ಕಷ್ಟ ಅನ್ನಿಸಿದರೆ ಕೊಳವೆ ಆಕಾರದ ಬೆರಳು ಮಾಡಿ ದಾರ ಸುತ್ತಿ. ತೆಳು ಗೋಡೆಯ ಕೊಳವೆಗೆ ಒತ್ತಡ ಕೊಟ್ಟಾಗ ಸುತ್ತಳತೆಯ ಕಡೆ ಬೀಳುವ ಎಳೆತ ಉದ್ದದ ಕಡೆಯದಕ್ಕಿಂತ ಎರಡರಷ್ಟು. ಅದಕ್ಕೇ ಅದು ಉದ್ದವಾಗುವ ಮೊದಲು ದಪ್ಪಗಾಗುತ್ತದೆ. ಹಿಗ್ಗದ ಪಾಲಿಯೆಸ್ಟರ್ ಹೊಲಿಗೆ ದಾರವನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಹತ್ತಿರ ಹತ್ತಿರ ಸುತ್ತಿ ಮೇಲೆ ತೆಳುವಾಗಿ ಸಿಲಿಕೋನ್ ಬಳಿಯಿರಿ. ಒಂದೇ ದಿಕ್ಕಿಗೆ ಸುತ್ತಿದರೆ ಬೆರಳು ತಿರುಚಿಕೊಳ್ಳುತ್ತದೆ. ದಾರದ ಕೋನವೂ ಮುಖ್ಯ. ಕೊಳವೆಯ ಉದ್ದಕ್ಕೆ 54.7 ಡಿಗ್ರಿಗಿಂತ ಜಾಸ್ತಿ ಓರೆ ಇದ್ದರೆ ಕೊಳವೆ ಉದ್ದವಾಗುತ್ತದೆ, ಕಡಿಮೆ ಇದ್ದರೆ ಕುಗ್ಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬನ್ ಪೋಲಿಯೊ ಆದ ಮಗಳ ಕೈಗಾಗಿ ರೂಪಿಸಿದ ಗಾಳಿ ಸ್ನಾಯು ಈ ಕುಗ್ಗುವ ಬಗೆಯದು. ನಿಮಗೆ ಬೇಕಾದದ್ದು ಉದ್ದವಾಗುವ ಬಗೆ, ಜೊತೆಗೆ ಒಂದು ಮಗ್ಗುಲಿಗೆ ಬಟ್ಟೆ ಪಟ್ಟಿ.

ಸಿಲಿಕೋನ್ ಬಗ್ಗೆ ಒಂದು ಮಾತು. ಪ್ಲಾಟಿನಂ ಸೇರಿಸಿ ಗಟ್ಟಿಯಾಗಿಸುವ ಬಗೆಯದ್ದಾದರೆ ಲೇಟೆಕ್ಸ್ ಗ್ಲೌಸ್ ಹಾಕಿಕೊಂಡು ಮುಟ್ಟಬೇಡಿ. ಅದರಲ್ಲಿರುವ ಗಂಧಕದಿಂದ ಸಿಲಿಕೋನ್ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ. ವಿನೈಲ್ ಗ್ಲೌಸ್ ತೊಂದರೆ ಕೊಡುವುದಿಲ್ಲ. ರೆಸಿನ್ ಬಳಸುವ 3ಡಿ ಪ್ರಿಂಟರಿನ ಅಚ್ಚಿನಲ್ಲೂ ಇದೇ ಕಾಟ ಇದೆ, ಪಿಎಲ್‌ಎ ಪ್ಲಾಸ್ಟಿಕ್ಕಿನ ಅಚ್ಚಿನಲ್ಲಿ ಇಲ್ಲ. ಕಲಸಿದ ಮೇಲೆ ಗಾಳಿಗುಳ್ಳೆ ತೆಗೆಯದೆ ಸುರಿಯಬೇಡಿ. ಗೋಡೆಯಲ್ಲಿ ಒಂದು ಗುಳ್ಳೆ ಉಳಿದರೂ ಬೆರಳು ಒಡೆಯುವುದು ಅಲ್ಲೇ.

ಮಂಡ್ಯದಿಂದ (ಕಾಲೇಜು ಲ್ಯಾಬಿನಲ್ಲಿ ಕೆಲಸ):
ಮೇಲಿನವರು ಹೇಳಿದ್ದು ಸರಿ. ಒತ್ತಡದ ಲೆಕ್ಕ ನಾನು ಸೇರಿಸುತ್ತೇನೆ. ಕಂಪ್ರೆಸರ್‌ಗೆ ನೇರವಾಗಿ ಜೋಡಿಸಬೇಡಿ. ಬಿಪಿ ನೋಡುವ ಉಪಕರಣದ ರಬ್ಬರ್ ಬುರುಡೆ ಮತ್ತು ಡಯಲ್ ತಗೊಳ್ಳಿ. ಡಯಲ್‌ನ 300 ಅಂದರೆ ಸುಮಾರು 40 ಕಿಲೋಪಾಸ್ಕಲ್. ಮೆತ್ತನೆಯ ಸಿಲಿಕೋನ್ ಬೆರಳಿನ ಮೊದಲ ಪರೀಕ್ಷೆಗೆ ಅದು ಧಾರಾಳ. ಬೆರಳಿನ ಹಿಂದೆ ಗ್ರಾಫ್ ಹಾಳೆ ಅಂಟಿಸಿ, ಡಯಲ್‌ನಲ್ಲಿ 20ರ ಹೆಜ್ಜೆಯಲ್ಲಿ ಒತ್ತಡ ಏರಿಸುತ್ತಾ ಫೋಟೊ ತೆಗೆಯಿರಿ. ಎಷ್ಟು ಒತ್ತಡಕ್ಕೆ ಎಷ್ಟು ಬಾಗಿತು ಅನ್ನುವುದು ಕೈಗೆ ಸಿಕ್ಕ ಮೇಲೆ ಪಂಪ್, ವಾಲ್ವ್, ಸೆನ್ಸರ್ ಕೊಳ್ಳಿ. ಸೋರಿಕೆ ಹುಡುಕಲು ಬಕೆಟ್ ನೀರಲ್ಲಿ ಮುಳುಗಿಸಿದರೆ ಆಯ್ತು.

ಇನ್ನೊಂದು ವಿಷಯ, ನನಗೆ ಬಹಳ ಮುಖ್ಯವಾದದ್ದು. ದಸರಾ ನೋಡಿ ಬೆಳೆದ ನಾವೆಲ್ಲ ವರದಿಯ ಮೊದಲ ಪುಟಕ್ಕೆ ಆನೆ ಸೊಂಡಿಲು ಹಾಕಿಬಿಡುತ್ತೇವೆ. ಸೊಂಡಿಲಿನಲ್ಲಿ ಮೂಳೆ ಇಲ್ಲ, ನಿಜ. ಆದರೆ ಅದು ಒಳಗಿನ ಗಾಳಿ ಒತ್ತಡದಿಂದ ಬಾಗುವುದಿಲ್ಲ, ತುಂಬಾ ಸ್ನಾಯುಗಳು ಒಂದಕ್ಕೊಂದು ಎದುರು ನಿಂತು ಬಾಗಿಸುತ್ತವೆ. ನಿಮ್ಮ ಬೆರಳಿಗೆ ಹತ್ತಿರದ ಉದಾಹರಣೆ ಜೇಡ. ಅದರ ಕಾಲು ಮಡಚಲು ಸ್ನಾಯು ಇದೆ, ಮುಖ್ಯ ಕೀಲುಗಳನ್ನು ಚಾಚುವುದು ಮಾತ್ರ ದೇಹದ ದ್ರವದ ಒತ್ತಡ. ಸತ್ತ ಜೇಡದ ಕಾಲು ಮುದುಡುವುದು ಇದಕ್ಕೇ. ಮುಟ್ಟಿದರೆ ಮುನಿ ಗಿಡವನ್ನೂ ನೋಡಿ. ತೊಟ್ಟಿನ ಬುಡದ ಉಬ್ಬಿನಲ್ಲಿ ಕೆಳಮಗ್ಗುಲಿನ ಕೋಶಗಳಿಂದ ನೀರು ಹೊರಬಿದ್ದು ತೊಟ್ಟು ಜೋತುಬೀಳುತ್ತದೆ. ಒಂದೇ ಮಗ್ಗುಲಿನ ಒತ್ತಡ ಬದಲಾದರೆ ಬಾಗು ಹುಟ್ಟುತ್ತದೆ ಅಲ್ವಾ, ಅದೇ ನಿಮ್ಮ ಪ್ರಾಜೆಕ್ಟ್. ಎರೆಹುಳವೂ ಹಾಗೇ: ಸುತ್ತಿನ ಸ್ನಾಯು ಬಿಗಿದರೆ ಒಳಗಿನ ದ್ರವ ಕುಗ್ಗಲಾರದು, ಮೈ ಉದ್ದವಾಗುತ್ತದೆ. ಆ ದಾರ ಸುತ್ತಿದ ಕೊಳವೆಗೆ ಇದಕ್ಕಿಂತ ಒಳ್ಳೆ ಚಿತ್ರ ಸಿಗುವುದಿಲ್ಲ.

ಮದ್ದೂರು ಕಡೆಯಿಂದ (ಟೊಮೆಟೊ ಬೆಳೆಗಾರ):
ಯಂತ್ರದ ವಿಷಯ ಅವರಿಬ್ಬರೂ ಹೇಳಿದ್ದಾರೆ, ಹಣ್ಣಿನ ವಿಷಯ ನಾನು ಹೇಳುತ್ತೇನೆ. ಬೆಳಗ್ಗೆ ಕಿತ್ತ ಹಣ್ಣಿಗೆ ಇಬ್ಬನಿ ಇರುತ್ತದೆ, ಜಾರುತ್ತದೆ. ಒಣಗಿದ ಹಣ್ಣಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಸಾಲದು, ಒದ್ದೆ ಮಾಡಿಯೂ ನೋಡಿ. ತೊಟ್ಟು ಇರುವ ಹಣ್ಣನ್ನು ಮೇಲಿಂದ ಬಿಟ್ಟರೆ ಕೆಳಗಿನ ಹಣ್ಣಿಗೆ ಚುಚ್ಚುತ್ತದೆ. ಹಾಗಾಗಿ ಹಿಡಿಯುವುದು ಮಾತ್ರವಲ್ಲ, ಇಳಿಸಿ ಬಿಡುವುದನ್ನೂ ಕಲಿಸಿ. ಬೆರಳಿಂದ ಗಾಳಿ ನಿಧಾನಕ್ಕೆ ಹೊರಗೆ ಬರಲಿ. ಒತ್ತಿದ ಗುರುತು ಆಗಲೇ ಕಾಣುವುದಿಲ್ಲ. ಎತ್ತಿದ ಹಣ್ಣನ್ನು ಎರಡು ಮೂರು ದಿನ ಬಿಟ್ಟು, ಕೈಯಿಂದ ಇಟ್ಟ ಹಣ್ಣಿನ ಪಕ್ಕದಲ್ಲಿಟ್ಟು ನೋಡಿ. ಬಣ್ಣ ತಿರುಗಿದ್ದು, ಅರೆ ಹಣ್ಣು, ಪೂರ್ತಿ ಹಣ್ಣು ಮೂರೂ ಬೇಕಾದರೆ ತೋಟಕ್ಕೆ ಬನ್ನಿ, ಒಂದು ಕ್ರೇಟ್ ಕೊಡುತ್ತೇನೆ.